ಎರಡನೆಯ ಬದಿಯ ಮೂರನೆಯ ಹಾಡು

ಗಿಟಾರು ಶುರುವಾಗುತ್ತದೆ, ನಿಲ್ಲುತ್ತದೆ. ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಮೂರನೆಯ ಸಲಕ್ಕೆ ದಾರಿ ಸಿಕ್ಕಂತಾಗಿ ಮುಂದೆ ಸಾಗುತ್ತದೆ, ಹಾಡುವವರ ದನಿ ಬಂದು ಸೇರಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ. ಆ ಕೆಲವು ಸೆಕೆಂಡುಗಳನ್ನು ನಾನು ಮೂವತ್ತು ವರ್ಷಗಳ ಕಾಲ ನನ್ನ ಕೈಯಿಂದಾದ ತಪ್ಪು ಎಂದೇ ನಂಬಿಕೊಂಡಿದ್ದೆ.

ಹಾಡು ಬೀಟಲ್ಸ್ ತಂಡದ್ದು, ಹೆಸರು 'ಐಯಾಮ್ ಲುಕಿಂಗ್ ಥ್ರೂ ಯೂ'. ಅದಿರುವ ಆಲ್ಬಂ 'ರಬ್ಬರ್ ಸೋಲ್'. ಇಂಗ್ಲೆಂಡಿನಲ್ಲಿ ಅದು ಬಿಡುಗಡೆಯಾದದ್ದು 1965ರ ಡಿಸೆಂಬರ್ 3ರಂದು. ಜನಪದ ಹಾಡಿನ ಮರದ ಗಿಟಾರು ಮತ್ತು ರಾಕ್ ಸಂಗೀತದ ತಾಳ ಒಂದಕ್ಕೊಂದು ಬೆರೆತು ಫೋಕ್ ರಾಕ್ ಎಂಬ ಹೆಸರು ಪಡೆದ ವರ್ಷ ಅದು. ಆ ಬಗೆಯ ಆಲ್ಬಂಗಳ ಮಾತು ಬಂದಾಗ ಇಂದಿಗೂ ಇದರ ಹೆಸರು ಬಂದೇ ಬರುತ್ತದೆ. ಹಾಸನದ ನಮ್ಮ ಮನೆಯಲ್ಲಿ ಇದರ ಮೂರು ಎಲ್‌ಪಿ ರೆಕಾರ್ಡುಗಳಿವೆ, ನಮ್ಮ ಕಡೆ ಪ್ಲೇಟು ಎನ್ನುವುದು ಇವನ್ನೇ, ಅವುಗಳಲ್ಲಿ ಒಂದು ವರ್ಷದ ಕೆಲವು ತಿಂಗಳು ಮೂಡಿಗೆರೆಯ ಕಡೆ ಇರುತ್ತದೆ. ಮನೆಗೆ ಬಂದವರು ಕಪಾಟನ್ನು ನೋಡಿ, "ಒಂದೇ ಪ್ಲೇಟು ಮೂರ್ ಮೂರು ಯಾಕಿಟ್ಕೊಂಡಿದೀರ ಸಾರ್?" ಎಂದು ಕೇಳುತ್ತಾರೆ. ಅವು ಒಂದೇ ಅಲ್ಲ ಎಂದಷ್ಟೇ ಹೇಳಿ ಕಾಫಿಗೆ ಕರೆಯುತ್ತೇನೆ. ಪೂರ್ತಿ ಉತ್ತರ ಹೇಳಲು ತುಸು ಹೊತ್ತು ಬೇಕು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಂಗಲೆಯ ರೇಡಿಯೋಗ್ರಾಮ್

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ, ಶನಿವಾರದ ಬಟವಾಡೆ, ಕಣಕ್ಕೆ ಬಂದ ಹಣ್ಣಿನ ಅಳತೆ, ಗೊಬ್ಬರದ ಮೂಟೆಗಳ ಲೆಕ್ಕ, ಹಿಡಿ ಮುರಿದ ಕತ್ತಿ, ತಳ ಕಿತ್ತ ಬುಟ್ಟಿ ಎಲ್ಲವೂ ಅವರ ದುಂಡನೆಯ ಅಕ್ಷರಗಳಲ್ಲಿ ತಾರೀಖಿನ ಸಮೇತ ದಾಖಲಾಗುತ್ತಿದ್ದವು. ಯಾವ ಸಾಮಾನಿಗೆ ಏನು ಹಾನಿಯಾದರೂ ಅದನ್ನು ಅಂದೇ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ಅದು ಇನ್ನೊಬ್ಬರ ತಲೆಗೆ ಬರುತ್ತದೆ ಎನ್ನುವುದು ಅವರು ಕೆಲಸದಲ್ಲಿ ಪಾಲಿಸುತ್ತಿದ್ದ ನಿಯಮ.

ತೋಟದ ಗೌಡರ ತಮ್ಮ ಓದಲೆಂದು ಅಮೆರಿಕಕ್ಕೆ ಹೋಗಿದ್ದವರು, 1967ರಲ್ಲಿ ಊರಿಗೆ ಮರಳುವಾಗ ಒಂದು ಪೆಟ್ಟಿಗೆಯ ತುಂಬ ರೆಕಾರ್ಡುಗಳನ್ನು ತಂದಿದ್ದರು. ಬಂಗಲೆಯ ಹಾಲಿನಲ್ಲಿ ರೇಡಿಯೋ ಮತ್ತು ರೆಕಾರ್ಡು ಹಾಡಿಸುವ ಯಂತ್ರ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದ, ಬೀಟೆ ಮರದ ಒಂದು ದೊಡ್ಡ ರೇಡಿಯೋಗ್ರಾಮ್ ಇತ್ತು, ಅದರ ಮುಚ್ಚಳ ಎತ್ತಿದರೆ ಒಳಗೆ ಗ್ಯಾರಾರ್ಡ್ ಚೇಂಜರ್. ಆರೇಳು ಪ್ಲೇಟುಗಳನ್ನು ಒಂದರ ಮೇಲೊಂದು ನಡುಗಂಬಕ್ಕೆ ಸಿಕ್ಕಿಸಿದರೆ ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಕೆಳಗೆ ಬೀಳುತ್ತಿತ್ತು, ಮುಳ್ಳು ತಾನಾಗಿ ಹೋಗಿ ಅದರ ಅಂಚಿನ ಮೇಲೆ ಕೂರುತ್ತಿತ್ತು. ಆ ಯಂತ್ರದ ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಹೀಗೆ ಪೇರಿಸಿಟ್ಟ ಪ್ಲೇಟುಗಳಲ್ಲಿ ಮೇಲ್ಮುಖವಾಗಿರುವ ಬದಿ ಮಾತ್ರ ಹಾಡುತ್ತದೆ. ಯಾರಾದರೂ ಎದ್ದು ಹೋಗಿ ಮಗುಚಿ ಹಾಕದ ಹೊರತು ಎರಡನೆಯ ಬದಿ ವರ್ಷಗಟ್ಟಲೆ ಮೌನವಾಗಿರುತ್ತದೆ. ಬಂಗಲೆಯಲ್ಲಿ ಎದ್ದು ಹೋಗಿ ಮಗುಚುವ ಅಭ್ಯಾಸ ಯಾರಿಗೂ ಇರಲಿಲ್ಲ.

1977ರ ಜನವರಿ, ಹಣ್ಣು ಕೊಯ್ಲಿನ ಕಾಲ. ಶನಿವಾರ ಮಧ್ಯಾಹ್ನ ಅಪ್ಪ ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಬಟವಾಡೆ ಮಾಡುತ್ತಿದ್ದರು. ಗೌಡರು ಚಿಕ್ಕಮಗಳೂರಿಗೆ ಹೋಗಿದ್ದರು. ನನಗೆ ಹನ್ನೊಂದು ವರ್ಷ, ಗೌಡರ ಮಗನಿಗೆ ಹದಿಮೂರು. ಅವರು ಪ್ಲೇಟುಗಳನ್ನು ನೋಡಲು ನನ್ನನ್ನು ಒಳಗೆ ಕರೆದರು. ಹಾಲಿನ ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಹಿಡಿದರೆ ಹಾಡುಗಳ ನಡುವಿನ ತೆಳು ಗೆರೆಗಳು ಹೊಳೆಯುತ್ತವೆ, ಒಂದೊಂದು ಹಾಡಿನ ಅಗಲ ಎಷ್ಟೆಂದು ಕಣ್ಣಿಗೆ ಕಾಣುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ನಾನು ಎರಡನೆಯ ಬದಿಯ ಲೇಬಲ್ ಓದುತ್ತಿದ್ದೆ. ಮೂರನೆಯ ಹಾಡಿನ ಹೆಸರಿನಲ್ಲಿ 'ಥ್ರೂ' ಎಂಬ ಪದವಿತ್ತು. ಅದನ್ನು ಹಿಂದಿನ ವಾರವಷ್ಟೇ ಶಾಲೆಯಲ್ಲಿ ಕಲಿತಿದ್ದೆ, ಬರೆಯುವುದು ಒಂದು ಬಗೆ ಓದುವುದು ಇನ್ನೊಂದು ಬಗೆ ಎಂಬ ಕಾರಣಕ್ಕೆ ಅದು ತಲೆಯಲ್ಲಿ ಕೂತಿತ್ತು. ಆ ಹಾಡು ಕೇಳಬೇಕು ಎಂದೆ. "ನೀನೇ ಹಾಕು" ಎಂದರು. ಉಸಿರು ಹಿಡಿದು, ಎರಡನೆಯ ಮತ್ತು ಮೂರನೆಯ ಹಾಡುಗಳ ನಡುವಿನ ಗೆರೆಯ ಮೇಲೆ ಮುಳ್ಳನ್ನು ಇಳಿಸಿದೆ.

ಗಿಟಾರು ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಜಗಲಿಯಲ್ಲಿ ಎಣಿಕೆಯ ಸದ್ದು ನಿಂತಿತು. ಅಪ್ಪ ಒಳಗೆ ಬಂದವರು ಮೊದಲು ಮುಳ್ಳನ್ನು ಎತ್ತಿದರು, ಆಮೇಲೆ ನನ್ನ ಮುಖ ನೋಡಿದರು. "ಏನ್ ಮಾಡ್ದೆ?" ಎಂದು ಕೇಳಿ ನಾನು ಬಾಯಿ ತೆರೆಯುವ ಮೊದಲೇ ತಾವೇ ಅದೇ ಜಾಗದಲ್ಲಿ ಮುಳ್ಳು ಇಳಿಸಿದರು. ಗಿಟಾರು ಅದೇ ಎರಡು ಕಡೆ ಎಡವಿತು. ಮುಳ್ಳು ಜಾರಿ ಪ್ಲೇಟಿಗೆ ಗೀರು ಬಿದ್ದಿದೆ ಎಂಬ ತೀರ್ಮಾನಕ್ಕೆ ಬರಲು ಅವರಿಗೆ ಬೇರೇನೂ ಬೇಕಾಗಲಿಲ್ಲ. ಹನ್ನೊಂದು ವರ್ಷದ ಹುಡುಗ ಪ್ಲೇಟಿನ ನಡುಮಧ್ಯೆ ಕೈಯಾರೆ ಮುಳ್ಳು ಇಳಿಸಿದ್ದನ್ನು ಕಣ್ಣಾರೆ ಕಂಡ ಯಾರೇ ಆದರೂ ಹಾಗೇ ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದೆ.

ಸಂಜೆ ಗೌಡರು ಬಂದ ಕೂಡಲೇ ಅಪ್ಪ ನನ್ನನ್ನು ಎದುರಿಗೆ ನಿಲ್ಲಿಸಿ ವಿಷಯ ಹೇಳಿದರು. "ಹೋಗ್ಲಿ ಬಿಡಿ ರೈಟ್ರೇ, ಮಕ್ಳು" ಎಂದು ಗೌಡರು ನಕ್ಕರು. ಅಪ್ಪ ನಗಲಿಲ್ಲ. ಅಂದಿನಿಂದ ನಾನು ಬಂಗಲೆಯ ಹಾಲಿಗೆ ಕಾಲಿಡಲಿಲ್ಲ. ಬಟವಾಡೆಯ ದಿನ ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಒಳಗಿನಿಂದ ಹಾಡು ಕೇಳಿಬರುತ್ತಿತ್ತು. ಗೌಡರ ಮಗನಿಗೆ ಎರಡನೆಯ ಬದಿ ಅಂದಿನಿಂದ ಇಷ್ಟವಾಗಿಬಿಟ್ಟಿತ್ತು, ಅದನ್ನೇ ಮತ್ತೆಮತ್ತೆ ಹಾಕುತ್ತಿದ್ದರು. ಗಿಟಾರು ಎಡವುವ ಜಾಗ ಹತ್ತಿರ ಬರುತ್ತಿದ್ದಂತೆ ನನ್ನ ಕಿವಿ ಬಿಸಿಯಾಗುತ್ತಿತ್ತು, ಅಪ್ಪನ ಪೆನ್ನು ಒಂದು ಕ್ಷಣ ನಿಲ್ಲುತ್ತಿದ್ದುದು ಕಾಣುತ್ತಿತ್ತು.

ಸಿಡಿಯ ಸಾಕ್ಷಿ

ಓದು ಮುಗಿಸಿ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ಮೇಲೆ, ತೊಂಬತ್ತರ ದಶಕದ ನಡುವೆ, ಬೆಂಗಳೂರಿನಿಂದ ಆ ಆಲ್ಬಂನ ಸಿಡಿ ತಂದೆ. ಮೊದಲ ಹಾಡೇ ನನಗೆ ಅಪರಿಚಿತವಾಗಿತ್ತು. ನನ್ನ ನೆನಪಿನಲ್ಲಿ ಪ್ಲೇಟು ಶುರುವಾಗುತ್ತಿದ್ದುದು ಮರದ ಗಿಟಾರಿನ ಓಟದಿಂದ, ಇಲ್ಲಿ ತನ್ನ ಕಾರು ಓಡಿಸಲು ಬಾ ಎನ್ನುವ ಹುಡುಗಿಯ ಬಗೆಗಿನ ಬಿರುಸಾದ ಹಾಡು ಬಂತು. ಮಕ್ಕಳ ನೆನಪು, ಬೇರೆ ಯಾವುದೋ ಪ್ಲೇಟಿನ ಹಾಡು ಬೆರೆತುಹೋಗಿದೆ ಎಂದುಕೊಂಡೆ. ಎರಡನೆಯ ಬದಿಯ ಮೂರನೆಯ ಹಾಡು ಬಂದಾಗ ಕುರ್ಚಿಯ ಅಂಚಿಗೆ ಸರಿದು ಕುಳಿತೆ. ಗಿಟಾರು ಎಲ್ಲೂ ಎಡವದೆ ಸರಾಗವಾಗಿ ಹೋಯಿತು. ಅಂದರೆ ಹಾಡಿನಲ್ಲಿ ಆ ತಡೆ ಇರಲೇ ಇಲ್ಲ. ಅನುಮಾನಕ್ಕೆ ಉಳಿದಿದ್ದ ಒಂದಿಷ್ಟು ಜಾಗವೂ ಅಂದು ಮುಚ್ಚಿಹೋಯಿತು.

ಮೊದಲ ಹಾಡು ಬೇರೆ ಎಂಬ ಸುಳಿವನ್ನು ನಾನು ಅಂದೇ ಹಿಡಿದು ಹೊರಟಿದ್ದರೆ ಅಪ್ಪ ಬದುಕಿರುವಾಗಲೇ ಎಲ್ಲವೂ ತಿಳಿಯುತ್ತಿತ್ತು. ಇದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಗುಜರಿಯಲ್ಲಿ ಸಿಕ್ಕ ಪ್ರತಿ

2001ರಲ್ಲಿ ಹಾಸನದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಪುಸ್ತಕ ಹುಡುಕುತ್ತಿದ್ದಾಗ ಹಿಂದಿ ಚಿತ್ರಗೀತೆಗಳ ರೆಕಾರ್ಡುಗಳ ನಡುವೆ ಆ ಕವರು ಕಂಡಿತು. ಅದರ ಮುಂಭಾಗದಲ್ಲಿ ತಂಡದ ಹೆಸರೇ ಇಲ್ಲ, ನಾಲ್ವರ ಮುಖಗಳು ಮತ್ತು ಉಬ್ಬಿ ಇಳಿಬಿದ್ದ ಅಕ್ಷರಗಳಲ್ಲಿ ಆಲ್ಬಂ ಹೆಸರು ಮಾತ್ರ ಇದೆ. ಛಾಯಾಗ್ರಾಹಕ ರಾಬರ್ಟ್ ಫ್ರೀಮನ್ ತಾವು ತೆಗೆದ ಚಿತ್ರವನ್ನು ಒಂದು ರಟ್ಟಿನ ಮೇಲೆ ಬೆಳಕಿನಲ್ಲಿ ಮೂಡಿಸಿ ತೋರಿಸುತ್ತಿದ್ದಾಗ ರಟ್ಟು ಹಿಂದಕ್ಕೆ ವಾಲಿ ಮುಖಗಳು ಉದ್ದಕ್ಕೆ ಎಳೆದಂತೆ ಕಂಡವು. ಹಾಗೆಯೇ ಇರಲಿ ಎಂದು ತಂಡದವರು ಒಪ್ಪಿದ್ದರಿಂದ ಕವರಿನಲ್ಲಿ ಮುಖಗಳು ಇಂದಿಗೂ ನೀಳವಾಗಿವೆ. ಅಂಗಡಿಯವರಿಗೆ ಅದು ಯಾರ ಪ್ಲೇಟೆಂದು ತಿಳಿದಿರಲಿಲ್ಲ. ಒಂದು ಅಂಚನ್ನು ಗೆದ್ದಲು ತಿಂದಿತ್ತು, ಪ್ಲೇಟಿನ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು. ನಲವತ್ತು ರೂಪಾಯಿ ಕೊಟ್ಟು ತಂದೆ.

ಮಲೆನಾಡಿನ ಕಡೆಯಿಂದ ಬಂದ ರೆಕಾರ್ಡುಗಳಿಗೆಲ್ಲ ಈ ಬೂಷ್ಟು ಇದ್ದದ್ದೇ. ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಸುತ್ತ ಒರೆಸಿ, ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡು, ನೆರಳಿನಲ್ಲಿ ಒಣಗಿಸಿದರೆ ಹೋಗುತ್ತದೆ. ಸ್ಪಿರಿಟ್ ಬಳಸುವವರು ಹಳೆಯ 78 ಆರ್‌ಪಿಎಂ ಪ್ಲೇಟುಗಳನ್ನು ಮಾತ್ರ ಅದರಿಂದ ದೂರವಿಡಬೇಕು, ಅವು ಅರಗಿನಿಂದ ಮಾಡಿದಂಥವು, ಸ್ಪಿರಿಟ್ಟಿಗೆ ಕರಗಿಬಿಡುತ್ತವೆ. ವಿದ್ಯುತ್ತಿಲ್ಲದ ಊರುಗಳ ಕೀಲಿ ಕೊಡುವ ಗ್ರಾಮೋಫೋನುಗಳಿಗಾಗಿ ನಮ್ಮ ದೇಶದಲ್ಲಿ ಅರವತ್ತರ ದಶಕದಲ್ಲೂ ಅಂಥ ಪ್ಲೇಟುಗಳು ತಯಾರಾಗುತ್ತಿದ್ದವು, ಬೀಟಲ್ಸ್ ಹಾಡುಗಳೂ 78ರ ಪ್ಲೇಟಿನಲ್ಲಿ ಭಾರತದಲ್ಲಿ ಬಂದಿದ್ದವು. ಇಂದು ಜಗತ್ತಿನ ಸಂಗ್ರಾಹಕರು ಅವುಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಆ ರಾತ್ರಿ ತೊಳೆದ ಪ್ಲೇಟನ್ನು ಟಾರ್ಚಿನ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿದೆ. ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಉಳಿಯುವ ನುಣುಪಾದ ಉಂಗುರದಲ್ಲಿ, ನೇರ ಬೆಳಕಿಗೆ ಕಾಣದ, ಬೆಳಕು ಪಕ್ಕದಿಂದ ಬಿದ್ದರೆ ಮಾತ್ರ ಮೇಲೆದ್ದು ಬರುವ ಅಕ್ಷರಗಳಿದ್ದವು: ಒಂದು ಬದಿಯಲ್ಲಿ ಎಕ್ಸ್‌ಇಎಕ್ಸ್ 579, ಇನ್ನೊಂದರಲ್ಲಿ ಎಕ್ಸ್‌ಇಎಕ್ಸ್ 580. ಬೀಟಲ್ಸ್ ಪ್ಲೇಟುಗಳನ್ನು ಇಂಗ್ಲೆಂಡಿನಲ್ಲಿ ಹೊರತರುತ್ತಿದ್ದ ಪಾರ್ಲಫೋನ್‌ನ ಕಪ್ಪು ಹಳದಿ ಬಣ್ಣದ ಲೇಬಲ್ಲಿನಲ್ಲಿ ಪಿಎಂಸಿ 1267 ಎಂಬ ಸಂಖ್ಯೆಯೂ ಮೇಡ್ ಇನ್ ಇಂಡಿಯಾ ಎಂಬ ಬರಹವೂ ಇದ್ದವು. ಕಲ್ಕತ್ತೆಯ ದಮ್‌ದಮ್‌ನಲ್ಲಿದ್ದ ಗ್ರಾಮೋಫೋನ್ ಕಂಪನಿಯ ಕಾರ್ಖಾನೆಯಲ್ಲಿ ಒತ್ತಿದ್ದು ಅದು. ಆದರೆ ಉಂಗುರದೊಳಗಿನ ಸಂಖ್ಯೆ ಇಂಗ್ಲೆಂಡಿನದು.

ಇದು ಹೇಗೆಂಬುದನ್ನು ತಿಳಿಯಲು ಪ್ಲೇಟು ಹುಟ್ಟುವ ಬಗೆ ಗೊತ್ತಿರಬೇಕು. ಟೇಪಿನಲ್ಲಿರುವ ಸದ್ದನ್ನು ಮೊದಲು ಮೆರುಗೆಣ್ಣೆ ಬಳಿದ ಮೃದುವಾದ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುತ್ತಾರೆ. ಅದರ ಮೇಲೆ ಲೋಹ ಹಿಡಿಸಿ ಬಿಡಿಸಿದರೆ ಗೆರೆಗಳೆಲ್ಲ ಉಬ್ಬಾಗಿರುವ ಒಂದು ಪಡಿಯಚ್ಚು ಸಿಗುತ್ತದೆ, ಆ ಕೆಲಸದವರು ಅದನ್ನು ತಂದೆ ಎನ್ನುತ್ತಾರೆ. ತಂದೆಯಿಂದ ತೆಗೆದ, ಮತ್ತೆ ಗೆರೆಗಳು ತಗ್ಗಾಗಿರುವ ತಟ್ಟೆ ತಾಯಿ. ತಾಯಿಯಿಂದ ತೆಗೆದದ್ದು ಸ್ಟ್ಯಾಂಪರ್, ಅದೇ ಬಿಸಿ ವಿನೈಲಿನ ಮೇಲೆ ಒತ್ತುವ ಅಚ್ಚು. ಸ್ಟ್ಯಾಂಪರ್ ಸವೆಯುತ್ತದೆ, ತಾಯಿ ಇನ್ನೊಂದನ್ನು ಕೊಡುತ್ತದೆ. ಇಂಗ್ಲೆಂಡಿನಲ್ಲಿ ಕೊರೆದದ್ದರ ಸಂತತಿಯ ಲೋಹ ಹಡಗೇರಿ ದಮ್‌ದಮ್‌ಗೆ ಬಂದದ್ದರಿಂದಲೇ ಹಾಸನದ ಗುಜರಿಯಲ್ಲಿ ಸಿಕ್ಕ ಪ್ಲೇಟಿನಲ್ಲಿ ಆ ಸಂಖ್ಯೆ ಉಳಿದಿತ್ತು. ಇದೇ ಆಲ್ಬಂನಲ್ಲಿ ತಂಡದ ಜಾರ್ಜ್ ಹ್ಯಾರಿಸನ್ ಒಂದು ಹಾಡಿಗೆ ಸಿತಾರ್ ನುಡಿಸಿದ್ದಾರೆ, ಅದನ್ನು ಅವರು ಕೊಂಡದ್ದು ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಭಾರತದ ಸಾಮಾನು ಮಾರುತ್ತಿದ್ದ ಅಂಗಡಿಯಲ್ಲಿ. ಇಲ್ಲಿಂದ ಹೋದ ವಾದ್ಯದ ದನಿ ಲೋಹವಾಗಿ ಕಲ್ಕತ್ತೆಗೆ ಬಂದು, ಪ್ಲೇಟಾಗಿ ಹಾಸನವನ್ನು ಸೇರಿ, ನನ್ನ ಅಡುಗೆಮನೆಯ ಮೇಜಿನ ಮೇಲೆ ಟಾರ್ಚಿನ ಬೆಳಕಿನಲ್ಲಿ ಮಲಗಿತ್ತು. ಆ ರಾತ್ರಿ ನಾನು ಮಲಗುವಾಗ ಬೆಳಗಿನ ಜಾವವಾಗಿತ್ತು.

ಪ್ಲೇಟಿನ ಸಂಖ್ಯೆಗಳ ಹುಚ್ಚು ಅಲ್ಲಿಂದ ಹಿಡಿಯಿತು. ಇಂಗ್ಲೆಂಡಿನ ಒಂದು ಮೋನೋ ಪ್ರತಿಯನ್ನು, ಅಂದರೆ ಎಡ ಬಲ ಎಂಬ ಭೇದವಿಲ್ಲದೆ ಎಲ್ಲ ಸದ್ದೂ ಒಂದಾಗಿ ಬರುವಂಥದ್ದನ್ನು, ಎರಡು ತಿಂಗಳ ಉಳಿತಾಯ ಸುರಿದು ತರಿಸಿದೆ. ಅದರ ಉಂಗುರದಲ್ಲಿ ಓದಲು ಇನ್ನೂ ಹೆಚ್ಚಿದೆ. ಸಂಖ್ಯೆಯನ್ನು ಕೆಳಗೆ ಬರುವಂತೆ ಹಿಡಿದರೆ ಎಡಕ್ಕಿರುವ ಪುಟ್ಟ ಅಂಕಿ ಎಷ್ಟನೆಯ ತಾಯಿ ಎಂದು ಹೇಳುತ್ತದೆ, ಬಲಕ್ಕಿರುವ ಅಕ್ಷರಗಳು ಎಷ್ಟನೆಯ ಸ್ಟ್ಯಾಂಪರ್ ಎಂದು ಹೇಳುತ್ತವೆ. ಆ ಅಕ್ಷರಗಳಿಗೆ ಒಂದು ಕೀಲಿಯುಂಟು. ಗ್ರಾಮೋಫೋನ್ ಲಿಮಿಟೆಡ್ ಎಂಬುದನ್ನು ಮೊಟಕುಗೊಳಿಸಿ ಮಾಡಿದ ಹತ್ತು ಇಂಗ್ಲಿಷ್ ಅಕ್ಷರಗಳು: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಜಿ ಎಂದರೆ 1, ಆರ್ ಎಂದರೆ 2, ಹೀಗೆ ಟಿ ಎಂದರೆ 9, ಡಿ ಎಂದರೆ ಸೊನ್ನೆ. ನನ್ನ ಪ್ರತಿಯಲ್ಲಿ ಎಡಕ್ಕೆ 1, ಬಲಕ್ಕೆ ಆರ್ ಎಂ ಎಂದಿದೆ, ಅಂದರೆ ಮೊದಲ ತಾಯಿ, ಇಪ್ಪತ್ತನಾಲ್ಕನೆಯ ಸ್ಟ್ಯಾಂಪರ್. ಕಂಪನಿಯ ಹೆಸರನ್ನೇ ಲೆಕ್ಕದ ಅಂಕಿ ಮಾಡಿಕೊಂಡ ಆ ಕಾರ್ಖಾನೆಯ ಗುಮಾಸ್ತರ ಮೇಲೆ, ರೈಟರ ಮಗನಾದ ನನಗೆ, ವಿಶೇಷ ಗೌರವವಿದೆ.

ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚು ಹುಡುಕುವುದು ಸಂಖ್ಯೆಯ ಕೊನೆಯಲ್ಲಿ ಅಡ್ಡಗೆರೆಯ ನಂತರ 1 ಎಂದಿರುವ ಮೋನೋ ಪ್ರತಿಯನ್ನು. ಮೊದಲ ಸಲ ಕೊರೆದಾಗ ಸದ್ದಿನ ಮಟ್ಟ ಬಹಳ ಜೋರಾಗಿತ್ತು. ಅದನ್ನು ಬೇಗನೆ ಕೈಬಿಟ್ಟು, ಮಟ್ಟ ತಗ್ಗಿಸಿ ಮತ್ತೆ ಕೊರೆದರು, ಆ ನಂತರದ ಪ್ರತಿಗಳಲ್ಲಿ 4, 5 ಎಂಬ ಅಂಕಿಗಳಿರುತ್ತವೆ. ನನ್ನದು 4. ಅಂಚೆಯಲ್ಲಿ ಬಂದ ದಿನ ಅಂಕಿ ನೋಡಿ ನಿರಾಸೆಯಾಗಿದ್ದು ನಿಜ. ಲೇಬಲ್ಲು, ಕವರು ನೋಡಿಯೇ ಮೊದಲ ಮುದ್ರಣ ಎಂದು ಹೇಳಿ ಮಾರುವವರು ಬಹಳ. ಕವರಿನ ಹಿಂಬದಿಗೆ ಮಡಚಿ ಅಂಟಿಸಿದ ಅಂಚುಗಳು, ಲೇಬಲ್ಲಿನ ಸುತ್ತ ಬರುವ ಬರಹ, ಬೆಲೆಯ ಷರತ್ತಿನ ಸಾಲು ಇವೆಲ್ಲ ಕಾಲವನ್ನು ಅಂದಾಜು ಮಾಡಲು ನೆರವಾಗುತ್ತವೆ. ಆದರೆ ಕವರು ಒಂದು ಪ್ಲೇಟಿನದು, ಒಳಗಿನದು ಇನ್ನೊಂದು ಎಂಬುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವಿನೈಲಿನೊಳಗೆ ಒತ್ತಿರುವುದನ್ನು ಮಾತ್ರ ಯಾರೂ ಬದಲಿಸಲಾರರು. ಮೂರನೆಯದಾಗಿ, ಲೇಬಲ್ಲಿನಲ್ಲಿ ಇಎಂಐ ಕಂಪನಿಯ ಎರಡು ಪೆಟ್ಟಿಗೆಯಾಕಾರದ ಗುರುತುಗಳಿರುವ, ಸದ್ದು ಎಡ ಬಲಗಳಿಗೆ ಹಂಚಿಕೊಂಡು ಬರುವ ಎಪ್ಪತ್ತರ ದಶಕದ ಸ್ಟೀರಿಯೋ ಪ್ರತಿಯೊಂದು ಗೆಳೆಯರಿಂದ ಬಂತು. ಅದರ ಸಂಖ್ಯೆ ವೈಇಎಕ್ಸ್ ಎಂದು ಶುರುವಾಗುತ್ತದೆ. ಆ ಮಿಶ್ರಣದಲ್ಲಿ ಹಾಡುವ ದನಿಗಳೆಲ್ಲ ಹೆಚ್ಚಾಗಿ ಬಲಕ್ಕೆ, ವಾದ್ಯಗಳು ಎಡಕ್ಕೆ ಸರಿದಿರುತ್ತವೆ. ನಾನು ಮೋನೋವನ್ನೇ ಹೆಚ್ಚು ಮೆಚ್ಚುತ್ತೇನೆ. 'ಗರ್ಲ್' ಹಾಡಿನಲ್ಲಿ ಜಾನ್ ಲೆನನ್ ಹಲ್ಲು ಕಚ್ಚಿದಂತೆ ಒಳಗೆಳೆದುಕೊಳ್ಳುವ ಆ ದೀರ್ಘ ಉಸಿರು ಮೋನೋದಲ್ಲಿ ಎದುರಿಗೇ ಕುಳಿತವರದ್ದೆನಿಸುತ್ತದೆ.

ಮೂರೂ ಪ್ರತಿಗಳಲ್ಲಿ ಎರಡನೆಯ ಬದಿಯ ಮೂರನೆಯ ಹಾಡು ಅದೇ ಆಗಿತ್ತು. ಮೂರರಲ್ಲಿಯೂ ಗಿಟಾರು ಎಡವಲಿಲ್ಲ.

ಹನ್ನೆರಡು ಹಾಡುಗಳ ಪ್ಲೇಟು

ಅಪ್ಪ 2003ರಲ್ಲಿ ತೀರಿಕೊಂಡರು. 2008ರ ಮಳೆಗಾಲದಲ್ಲಿ, ಅಮೆರಿಕದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ರಜೆಗೆ ಬಂದವರು ಸಿಡಿಗಳ ಒಂದು ಕಟ್ಟನ್ನು ಉಡುಗೊರೆಯಾಗಿ ತಂದರು. ಬೀಟಲ್ಸ್ ಆಲ್ಬಂಗಳು ಅಂದಿನ ಅಮೆರಿಕದಲ್ಲಿ ಹೇಗೆ ಬಂದಿದ್ದವೋ ಹಾಗೆಯೇ ಕ್ಯಾಪಿಟಲ್ ಕಂಪನಿ 2006ರಲ್ಲಿ ಹೊರತಂದ ಎರಡನೆಯ ಕಂತು ಅದು. ಅವರು ಹೊರಟುಹೋದ ಮೇಲೆ ಹಾಕಿದೆ. ಮೊದಲ ಹಾಡಿಗೇ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅದೇ ಮರದ ಗಿಟಾರಿನ ಓಟ, ಬಂಗಲೆಯ ಹಾಲಿನಿಂದ ಜಗಲಿಗೆ ಬರುತ್ತಿದ್ದ ಅದೇ ಹಾಡು.

ಅಮೆರಿಕದ ಕಂಪನಿಯವರು ಇಂಗ್ಲೆಂಡಿನ ಹದಿನಾಲ್ಕು ಹಾಡುಗಳಲ್ಲಿ ನಾಲ್ಕನ್ನು ತೆಗೆದು, ಹಿಂದಿನ 'ಹೆಲ್ಪ್' ಆಲ್ಬಂನ ಇಂಗ್ಲಿಷ್ ಮುದ್ರಣದಿಂದ ಎರಡನ್ನು ಸೇರಿಸಿ, ಹನ್ನೆರಡು ಹಾಡುಗಳ ಬೇರೊಂದು 'ರಬ್ಬರ್ ಸೋಲ್' ಮಾಡಿದ್ದರು. 'ಐವ್ ಜಸ್ಟ್ ಸೀನ್ ಎ ಫೇಸ್' ಎಂಬ ಹಾಡನ್ನು ಮೊದಲಿಗಿಟ್ಟಿದ್ದರು. ವ್ಯಾಪಾರಕ್ಕಾಗಿ ಇನ್ನೊಬ್ಬರ ಕೃತಿಯನ್ನು ಹೀಗೆ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಎರಡನ್ನೂ ಹಲವು ವರ್ಷ ಕೇಳಿದ ಮೇಲೆ, ಫೋಕ್ ರಾಕ್ ಆಲ್ಬಂ ಎಂಬ ಮಾತಿಗೆ ಹೆಚ್ಚು ನ್ಯಾಯ ಸಲ್ಲಿಸುವುದು ಅಮೆರಿಕದ ಪ್ಲೇಟೇ ಎಂದು ನನಗೆ ಅನ್ನಿಸಿದೆ. ಮೊದಲ ಹಾಡು ಹಚ್ಚಿದ ಮರದ ಗಿಟಾರಿನ ಬಣ್ಣ ಕೊನೆಯ ತನಕ ಇಳಿಯುವುದಿಲ್ಲ. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ಕೇಳಿ ಬೆರಗಾಗಿ 1966ರಲ್ಲಿ 'ಪೆಟ್ ಸೌಂಡ್ಸ್' ಮಾಡಲು ಹುರುಪು ಪಡೆದದ್ದು ಈ ಹನ್ನೆರಡು ಹಾಡುಗಳ ಪ್ಲೇಟಿನಿಂದಲೇ.

ಇದೆಲ್ಲ ನಾನು ಆಮೇಲೆ ಯೋಚಿಸಿದ್ದು. ಆ ಸಂಜೆ ಹಾಡುಗಳನ್ನು ಎಣಿಸುತ್ತ ಕುಳಿತಿದ್ದೆ. 'ಗರ್ಲ್' ಮುಗಿಯಿತು. ಗಿಟಾರು ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದಳು: "ಹೊಸಾ ಸಿಡಿನೂ ಗೀರು ಬಿದ್ದಿದೆಯೇನ್ರೀ?" ನನ್ನಿಂದ ಉತ್ತರ ಬರದಿದ್ದಾಗ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳು ನನ್ನನ್ನು ನೋಡಿ ಏನೂ ಕೇಳದೆ ಪಕ್ಕದಲ್ಲಿ ಕುಳಿತಳು.

ಹಾಡಿನ ಆರಂಭದ ಎರಡು ತಪ್ಪು ಹೆಜ್ಜೆಗಳನ್ನು ಇಂಗ್ಲೆಂಡಿನ ಮುದ್ರಣಗಳಲ್ಲಿ ಕತ್ತರಿಸಿ ತೆಗೆಯಲಾಗಿದೆ, ಅಮೆರಿಕದ ಮೋನೋದಲ್ಲಿಯೂ ಅವು ಇಲ್ಲ. ಅಮೆರಿಕದ ಸ್ಟೀರಿಯೋ ಪ್ಲೇಟಿನಲ್ಲಿ ಮಾತ್ರ ಹಾಗೆಯೇ ಉಳಿದುಬಿಟ್ಟಿವೆ. ಸ್ಟುಡಿಯೋದಲ್ಲಿ ಗಿಟಾರು ಹಿಡಿದವರು ಎಡವಿದ್ದನ್ನು ಮೂಡಿಗೆರೆಯ ಹುಡುಗನೊಬ್ಬ ತನ್ನ ಕೈತಪ್ಪೆಂದು ಹೊತ್ತುಕೊಂಡಿದ್ದ.

ಕಾಗದದ ಚೀಲ

ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಬಂಗಲೆಯ ಪ್ಲೇಟು ಅಮೆರಿಕದ ಸ್ಟೀರಿಯೋ ಹೌದೇ? ಹೌದಾದರೂ, ನನ್ನ ಕೈಯಿಂದ ಗೀರೂ ಬಿದ್ದಿರಬಹುದಲ್ಲವೇ? ಮುಂದಿನ ಭಾನುವಾರ ಬೇಲೂರಿನ ಮೇಲೆ ಹೋಗುವ ಮೂಡಿಗೆರೆ ಬಸ್ಸು ಹತ್ತಿದೆ. ಗೌಡರು ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಬಂಗಲೆಯ ಒಂದು ಭಾಗ ಹೋಮ್‌ಸ್ಟೇ ಆಗಿತ್ತು. ಅಂದು ಹದಿಮೂರರ ಹುಡುಗನಾಗಿದ್ದ ಸಣ್ಣ ಗೌಡರಿಗೆ ತಲೆ ನರೆತಿತ್ತು. "ಬನ್ನಿ ಮೇಷ್ಟ್ರೇ" ಎಂದು ಒಳಗೆ ಕರೆದರು. ಮೂವತ್ತೊಂದು ವರ್ಷಗಳ ನಂತರ ಆ ಹಾಲಿಗೆ ಕಾಲಿಟ್ಟೆ. ರೇಡಿಯೋಗ್ರಾಮಿನ ಮೇಲೆ ಅತಿಥಿಗಳಿಗೆಂದು ಹೂದಾನಿ ಇಟ್ಟಿದ್ದರು. ಪ್ಲೇಟುಗಳು ಅಟ್ಟದ ಮೇಲಿದ್ದವು. ಒಲೆಯ ಹೊಗೆ ತಾಗುವ ಅಟ್ಟವಾದ್ದರಿಂದ ಬೂಷ್ಟು ಹೆಚ್ಚು ಹತ್ತಿರಲಿಲ್ಲ.

ದಪ್ಪ ರಟ್ಟಿನ ಕವರು, ಅದರ ಮೇಲೆ ಎಸ್‌ಟಿ 2442 ಎಂಬ ಸಂಖ್ಯೆ. ಎಸ್‌ಟಿ ಎಂದರೆ ಸ್ಟೀರಿಯೋ, ಮೋನೋ ಆಗಿದ್ದರೆ ಟಿ ಒಂದೇ ಇರುತ್ತಿತ್ತು. ಕಪ್ಪು ಲೇಬಲ್ಲಿನ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ. ಕ್ಯಾಪಿಟಲ್ ಕಂಪನಿ ಆ ಲೇಬಲ್ಲನ್ನು 1969ರಲ್ಲಿ ಕೈಬಿಟ್ಟು ಎಳೆಹಸಿರು ಬಣ್ಣಕ್ಕೆ ಹೋಯಿತು. ಅದಕ್ಕೆ ಸ್ವಲ್ಪ ಮೊದಲು ಬಳೆಯ ಬರಹದಲ್ಲಿ ಅಂಗಸಂಸ್ಥೆ ಎಂಬ ಅರ್ಥದ ಪದವೊಂದು ಸೇರಿಕೊಂಡಿತು, ಇದರಲ್ಲಿ ಅದಿಲ್ಲ. 1967ರಲ್ಲಿ ಪೆಟ್ಟಿಗೆಯಲ್ಲಿ ಬಂದದ್ದೆಂಬ ಮನೆಯವರ ಮಾತಿಗೆ ಅದು ಹೊಂದುತ್ತಿತ್ತು. ಟಾರ್ಚು ಓರೆ ಹಿಡಿದಾಗ ಉಂಗುರದಲ್ಲಿ ಒಂದು ಪುಟ್ಟ ತ್ರಿಕೋನ, ಅದರೊಳಗೆ ಐಎಎಂ ಎಂಬ ಅಕ್ಷರಗಳು ಕಂಡವು. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಕಾರ್ಖಾನೆಯ ಗುರುತು ಅದು. ಲಾಸ್ ಏಂಜಲೀಸಿನದಾಗಿದ್ದರೆ ನಕ್ಷತ್ರದಂಥ ಚುಕ್ಕಿ ಇರುತ್ತಿತ್ತು.

ಆಮೇಲೆ ಎರಡನೆಯ ಮತ್ತು ಮೂರನೆಯ ಹಾಡುಗಳ ನಡುವಿನ ಗೆರೆಯನ್ನು ನೋಡಿದೆ. ಸಣ್ಣ ಗೌಡರು ಟಾರ್ಚು ಹಿಡಿದರು, ನಾನು ಭೂತಗನ್ನಡಿ ಹಿಡಿದೆ. ಪ್ಲೇಟನ್ನು ಒಂದು ಸುತ್ತು ತಿರುಗಿಸಿದೆ, ಮತ್ತೊಂದು ಸುತ್ತು ತಿರುಗಿಸಿದೆ. ಹಾಡಿನ ಗೆರೆಗಳು ಉಳಿದೆಡೆ ಇದ್ದಂತೆಯೇ ಅಲ್ಲಿಯೂ ಅಖಂಡವಾಗಿದ್ದವು. ಗೀರು ಇರಲಿಲ್ಲ.

"ಚೀಲ ನೋಡಿದ್ರಾ?" ಎಂದು ಸಣ್ಣ ಗೌಡರು ಒಳಗಿನ ಕಾಗದದ ಚೀಲವನ್ನು ನನ್ನ ಕಡೆ ತಿರುಗಿಸಿದರು. ಹಳದಿಗೆ ತಿರುಗಿದ ಆ ಕಾಗದದ ಮೂಲೆಯಲ್ಲಿ ನೀಲಿ ಶಾಯಿಯ ದುಂಡನೆಯ ಅಕ್ಷರಗಳಿದ್ದವು. ಮೊದಲು 1977ರ ಜನವರಿಯ ತಾರೀಖು, ಅದರ ಕೆಳಗೆ: "ಎರಡನೇ ಬದಿ, 3ನೇ ಹಾಡು. ಗೀರು ಬಿದ್ದಿದೆ. ನನ್ನ ಕೈಯಿಂದ ಆದದ್ದು." ಅದರ ಕೆಳಗೆ ಅಪ್ಪನ ಸಹಿ.

ನಾನು ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು. ತೋಟದ ಲೆಕ್ಕದಲ್ಲಿ ಒಂದು ಬುಟ್ಟಿಯ ಹಾನಿಯನ್ನೂ ತಪ್ಪಾಗಿ ಬರೆಯದಿದ್ದವರು ಬರೆದ ಸಾಲು ಅದು. ಸಂಜೆ ನನ್ನನ್ನು ಎದುರಿಗೆ ನಿಲ್ಲಿಸಿ ಗೌಡರಿಗೆ ಎಲ್ಲವನ್ನೂ ಹೇಳಿದ್ದವರು, ಬರವಣಿಗೆಯಲ್ಲಿ ನನ್ನ ಹೆಸರನ್ನು ತರದೆ ತಮ್ಮ ಹೆಸರನ್ನು ಹಾಕಿಕೊಂಡಿದ್ದರು. ಸಣ್ಣ ಗೌಡರು ಎದ್ದು ಹೋಗಿ ಕಾಫಿಗೆ ಹೇಳಿ ಬಂದರು, ಬರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಹೊರಡುವಾಗ ಪ್ಲೇಟನ್ನು ಚೀಲದ ಸಮೇತ ನನ್ನ ಕೈಗಿಟ್ಟರು. ಬೇಡವೆನ್ನಲು ಬಾಯಿ ಬರಲಿಲ್ಲ. ಅದರ ಬದಲಿಗೆ ಮುಂದಿನ ವಾರ ಭಾರತದ ಪ್ರತಿಯನ್ನು, ದಮ್‌ದಮ್‌ನ ಆ ಮೋನೋವನ್ನು, ಹೊಸ ಕವರಿನಲ್ಲಿಟ್ಟು ಅವರಿಗೆ ಕಳುಹಿಸಿಕೊಟ್ಟೆ. ಅವರು ರೇಡಿಯೋಗ್ರಾಮನ್ನು ಚಿಕ್ಕಮಗಳೂರಿನಲ್ಲಿ ರಿಪೇರಿ ಮಾಡಿಸಿದ್ದರು. ನಾಲ್ಕು ದಿನಗಳ ನಂತರ ಅವರ ಫೋನು ಬಂತು.

"ಮೇಷ್ಟ್ರೇ, ಪ್ಲೇಟು ಚೆನ್ನಾಗಿದೆ. ಆದ್ರೆ ಎರಡನೇ ಬದಿ ಮೂರನೇ ಹಾಡಲ್ಲಿ ಶುರುವಿಂದು ಏನೋ ಬಿಟ್ಟೋಗಿದೆಯಲ್ಲ?"

ಬಿಟ್ಟುಹೋಗಿಲ್ಲ, ಇಂಗ್ಲೆಂಡಿನವರು ಒಪ್ಪಿ ಕಳಿಸಿದ ಹಾಡು ಇರುವುದೇ ಹೀಗೆ ಎಂದು ವಿವರಿಸಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. "ಇರ್ಬೋದು, ಆದ್ರೆ ನಮ್ ಮನೇಲಿ ಅದು ಹಾಗಿರ್ಲಿಲ್ಲ" ಎಂದರು. ಭಾನುವಾರ ಬೆಳಿಗ್ಗೆ ಅಮೆರಿಕದ ಪ್ಲೇಟನ್ನು ಅಪ್ಪನ ಅಕ್ಷರವಿದ್ದ ಚೀಲದಲ್ಲೇ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆ ತಾಗದಂತೆ ಎದೆಗವಚಿಕೊಂಡು ಮೂಡಿಗೆರೆ ಬಸ್ಸು ಹತ್ತಿದೆ.